ಸ್ಕಾಟ್ಲೆಂಡಿನ ದಂಡಿನ ಹಾಡುಗಳು: ನುಡಿ ಯಾರದು, ರಾಗ ಎಲ್ಲಿಯದು?

ಸಂಗೀತದ ತರಗತಿಯಲ್ಲಿ ಹೊಸ ಹಾಡೊಂದನ್ನು ಕಲಿಸಿದಾಗ, "ಇದನ್ನು ಮಾಡಿದವರು ಯಾರು?" ಎಂದು ವಿದ್ಯಾರ್ಥಿನಿಯರು ಕೇಳುವುದುಂಟು. ಪ್ರಶ್ನೆ ಚಿಕ್ಕದಾದರೂ ಉತ್ತರ ಸುಲಭವಲ್ಲ. ಯಾಕೆಂದರೆ ಹಾಡಿನ ನುಡಿಯೂ ರಾಗವೂ ಅನೇಕ ವೇಳೆ ಬೇರೆ ಬೇರೆ ದಾರಿಗಳಿಂದ ಬಂದು ಕೂಡಿರುತ್ತವೆ. ಸ್ಕಾಟ್ಲೆಂಡಿನ ದಂಡುಗಳು ಬ್ಯಾಗ್‌ಪೈಪ್ ವಾದ್ಯದಲ್ಲಿ ನುಡಿಸುವ ಹಾಡುಗಳು ಇದಕ್ಕೆ ಒಳ್ಳೆಯ ದೃಷ್ಟಾಂತ.

'ಗ್ರೀನ್ ಹಿಲ್ಸ್ ಆಫ್ ಟಿರೋಲ್' ಎಂಬ ನಡೆರಾಗವನ್ನು ಕೇಳಿದವರು ಅದನ್ನು ಅಪ್ಪಟ ಸ್ಕಾಟಿಷ್ ರಾಗವೆಂದೇ ನಂಬುವರು. ಆದರೆ ಅದರ ಮೂಲವು ಇಟಲಿಯ ರೊಸ್ಸೀನಿ 1829ರಲ್ಲಿ ರಚಿಸಿದ 'ವಿಲಿಯಂ ಟೆಲ್' ಎಂಬ ಸಂಗೀತನಾಟಕದಲ್ಲಿದೆ. ಕ್ರಿಮಿಯಾ ಯುದ್ಧಕಾಲದಲ್ಲಿ (1853–56) 93ನೆಯ ಹೈಲ್ಯಾಂಡರ್ಸ್ ದಂಡಿನ ವಾದ್ಯಮುಖ್ಯನಾದ ಜಾನ್ ಮೆಕ್ಲೌಡನು ಸಾರ್ಡಿನಿಯಾದ ಸೈನ್ಯದ ವಾದ್ಯಗಾರರಿಂದ ಅದನ್ನು ಕೇಳಿ ಬ್ಯಾಗ್‌ಪೈಪಿಗೆ ಅಳವಡಿಸಿದನೆಂದು ಹೇಳುತ್ತಾರೆ. ಇಂದು ಪ್ರಸಿದ್ಧವಾಗಿರುವ ಅದರ ನುಡಿಯಾದರೋ ನೂರು ವರ್ಷಗಳಿಗೂ ಮಿಕ್ಕ ಮೇಲೆ, ಗಾಯಕ ಆಂಡಿ ಸ್ಟುವರ್ಟನಿಂದ ಬಂದಿತು.

ಹಾಡು ಪಕ್ಷವನ್ನು ಬದಲಿಸುವುದೂ ಉಂಟು. 1745ರಲ್ಲಿ ಪ್ರೆಸ್ಟನ್‌ಪ್ಯಾನ್ಸ್ ಕಾಳಗದಲ್ಲಿ ಸೋತ ಸರಕಾರಿ ಸೇನಾಪತಿ ಜಾನ್ ಕೋಪನನ್ನು ಹಾಸ್ಯಮಾಡಿ ಆಡಂ ಸ್ಕರ್ವಿಂಗ್ ಎಂಬ ರೈತನು ಒಂದು ಹಾಡನ್ನು ಕಟ್ಟಿದನು. ಮುಂದೆ ಅದೇ ಸರಕಾರದ ಹೈಲ್ಯಾಂಡ್ ದಂಡುಗಳಲ್ಲಿ ಸಿಪಾಯಿಗಳನ್ನು ಮುಂಜಾನೆ ಎಬ್ಬಿಸಲು ಆ ರಾಗವೇ ಬಳಕೆಗೆ ಬಂದಿತು!

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು 'ಫ್ಲವರ್ಸ್ ಆಫ್ ದಿ ಫಾರೆಸ್ಟ್' ಎಂಬ ಶೋಕಗೀತ. 1513ರ ಫ್ಲಾಡನ್ ಯುದ್ಧದಲ್ಲಿ ಅರಸನಾದ ನಾಲ್ಕನೆಯ ಜೇಮ್ಸನೂ ಅಸಂಖ್ಯ ತರುಣರೂ ಮಡಿದರು. ಆ ತರುಣರೇ ಅಡವಿಯ ಹೂಗಳು. ಈ ರಾಗವು 17ನೆಯ ಶತಮಾನದ ಒಂದು ಕೈಬರಹದಲ್ಲಿ ದೊರೆಯುತ್ತದೆ. ಇಂದು ಹಾಡುವ ನುಡಿಯನ್ನು ಬರೆದವಳು ಜೀನ್ ಎಲಿಯಟ್ (1727–1805) ಎಂಬ ಮಹಿಳೆ. ಉಳಿದ ಹೆಣ್ಣುಮಕ್ಕಳ ದುಃಖವನ್ನು ಹಾಡಿದ ಈಕೆ ತನ್ನ ಹೆಸರನ್ನು ಮಾತ್ರ ಪ್ರಕಟಿಸಲಿಲ್ಲ. ಸೈನಿಕರ ಶವಸಂಸ್ಕಾರದಲ್ಲಿ ನುಡಿಸುವ ಈ ರಾಗವನ್ನು ಅನೇಕ ವಾದಕರು ವಿನೋದಕ್ಕಾಗಿ ಸಭೆಯಲ್ಲಿ ನುಡಿಸಲೊಪ್ಪರು.

ಲೇಡಿ ನೇರ್ನ್ (1766–1845) ಎಂಬಾಕೆಯೂ ಹಾಗೆಯೇ. 'ಹಂಡ್ರೆಡ್ ಪೈಪರ್ಸ್' ಮೊದಲಾದ ಹಾಡುಗಳ ನುಡಿ ಈಕೆಯದು. ಕಲ್ಪಿತ ನಾಮದಿಂದ ಬರೆಯುತ್ತಿದ್ದ ಈಕೆ, ಗುಟ್ಟನ್ನು ಪತಿಗೂ ತಿಳಿಸಲಿಲ್ಲವಂತೆ. ಗತಿಸಿದ ಮರುವರ್ಷ, 1846ರಲ್ಲಿ, ಅವಳ ಕೃತಿಗಳು ಅವಳ ಹೆಸರಿನಿಂದ ಅಚ್ಚಾದವು.

ಬರೆಯುವುದು ಕುಲೀನ ಸ್ತ್ರೀಯರಿಗೆ ಒಪ್ಪತಕ್ಕದ್ದಲ್ಲವೆಂದು ಲೋಕವು ಎಣಿಸುತ್ತಿದ್ದ ಕಾಲವದು. ದಂಡುಗಳು ಅವರ ನುಡಿಗಳ ರಾಗಕ್ಕೆ ಹೆಜ್ಜೆ ಹಾಕಿದವು. ಬರೆದ ಕೈ ಯಾರದೆಂದು ಬಹುಕಾಲ ಯಾರೂ ಅರಿಯಲಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಹಾಡನ್ನು ಕಲಿಯುವಾಗ ಅದರ ನುಡಿಯನ್ನೂ ರಾಗವನ್ನೂ ಬೇರೆ ಬೇರೆಯಾಗಿ ವಿಚಾರಿಸಿರಿ. ಇನ್ನೂ ಒಂದು ಮಾತು: ನೀವೇ ಏನನ್ನಾದರೂ ಬರೆದರೆ, ಕೆಳಗೆ ನಿಮ್ಮ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ.