ಮಕ್ಕಳ ಹಬ್ಬದ ಕೊಡುಗೆ: ಕಾಲುಚೀಲವೂ ಉಡಿಯೂ

ಕ್ರಿಸ್ಮಸ್ ಹಬ್ಬದ ಹಿಂದಿನ ರಾತ್ರಿ ಪಾಶ್ಚಾತ್ಯ ದೇಶಗಳ ಮಕ್ಕಳು ತಮ್ಮ ಕಾಲುಚೀಲವೊಂದನ್ನು ಅಗ್ಗಿಷ್ಟಿಕೆಯ ಬಳಿಯಲ್ಲಿಯೋ ಮಂಚದ ತುದಿಯಲ್ಲಿಯೋ ತೂಗುಹಾಕಿ ಮಲಗುವ ವಾಡಿಕೆಯುಂಟು. ಬೆಳಗಾಗುವಷ್ಟರಲ್ಲಿ ಅದು ಹಣ್ಣು, ಬೀಜ, ಮಿಠಾಯಿ, ಆಟಿಕೆಗಳಿಂದ ತುಂಬಿರುತ್ತದೆ. ತುಂಬಿದವರು ಯಾರೆಂದು ಮನೆಯವರು ಬಾಯಿಬಿಡುವುದಿಲ್ಲ. ಮಕ್ಕಳೂ ಬಹುಕಾಲ ವಿಚಾರಿಸುವುದಿಲ್ಲ. ಇಂಗ್ಲಿಷ್ ಕಥೆಗಳನ್ನು ಓದಿ ಬೆಳೆಯುವ ನಮ್ಮ ನಗರಗಳ ಮಕ್ಕಳಿಗೆ ಈ ಸಂಗತಿ ಹೊಸದಲ್ಲ. ‘ನಮಗೇಕೆ ಇಂಥ ಹಬ್ಬವಿಲ್ಲ?’ ಎಂದು ಅವರು ತಂದೆತಾಯಿಗಳನ್ನು ಕೇಳುವುದೂ ಉಂಟು. ಈ ಪ್ರಶ್ನೆಯನ್ನು ಮಕ್ಕಳ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಮಕ್ಕಳಿಗೆ ಹಬ್ಬದ ದಿನ ಏನನ್ನು, ಯಾವ ಬಗೆಯಲ್ಲಿ, ಯಾರ ಕೈಯಿಂದ ಕೊಡಬೇಕೆಂಬ ವಿಷಯದಲ್ಲಿ ಪ್ರತಿಯೊಂದು ಸಮಾಜವೂ ತನ್ನದೇ ಆದ ವಿವೇಕವನ್ನು ಕೂಡಿಸಿಟ್ಟುಕೊಂಡಿರುತ್ತದೆ. ಅದನ್ನು ಹೋಲಿಸಿ ನೋಡುವುದೇ ಈ ಹೊತ್ತಿನ ನಮ್ಮ ಉದ್ದೇಶ. ಹೋಲಿಕೆಗಾಗಿ ಉತ್ತರ ಕರ್ನಾಟಕದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ.

ಮೊದಲು ಕಾಲುಚೀಲದ ಪೂರ್ವೋತ್ತರವನ್ನು ನೋಡೋಣ. ಇಂದಿನ ತುರ್ಕಿಯ ದಕ್ಷಿಣ ತೀರದಲ್ಲಿದ್ದ ಮೈರಾ ಎಂಬ ಪಟ್ಟಣದಲ್ಲಿ ಕ್ರಿಸ್ತಶಕ 4ನೆಯ ಶತಮಾನದಲ್ಲಿ ನಿಕೋಲಾಸನೆಂಬ ಧರ್ಮಾಧ್ಯಕ್ಷನಿದ್ದನೆಂದು ಸಂಪ್ರದಾಯ. ಬಡತನಕ್ಕೆ ಬಿದ್ದ ಗೃಹಸ್ಥನೊಬ್ಬನಿಗೆ ಮೂವರು ಹೆಣ್ಣುಮಕ್ಕಳು; ವರದಕ್ಷಿಣೆಗೆ ಹಣವಿಲ್ಲದೆ ಅವರ ಬಾಳು ಕೆಡುವ ಸ್ಥಿತಿ ಒದಗಿತ್ತು. ಇದನ್ನು ಅರಿತ ನಿಕೋಲಾಸನು ರಾತ್ರಿಯ ಹೊತ್ತು ಯಾರಿಗೂ ಕಾಣದಂತೆ ಕಿಟಕಿಯ ಮೂಲಕ ಚಿನ್ನದ ಗಂಟನ್ನು ಒಳಗೆಸೆದು ಹೋದನಂತೆ. ಒಂದು ಗಂಟು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿದ್ದಿತೆಂಬುದು ಕಥೆಗೆ ಆಮೇಲೆ ಸೇರಿಕೊಂಡ ಮಾತು. ಆ ಸಂತನ ದಿನ ಡಿಸೆಂಬರ್ 6. ಹಾಲೆಂಡಿನ ಮಕ್ಕಳು ಆ ಹಬ್ಬದ ಕಾಲದಲ್ಲಿ ಕಾಲುಚೀಲಕ್ಕೆ ಬದಲಾಗಿ ಪಾದರಕ್ಷೆಯನ್ನಿಟ್ಟು, ಅದರೊಳಗೆ ಸಂತನ ಕುದುರೆಗೆಂದು ಹುಲ್ಲನ್ನೋ ಗಜ್ಜರಿಯನ್ನೋ ಹಾಕಿರುತ್ತಾರೆ. ಡಚ್ಚರು ಅವನನ್ನು ಕರೆದ ಹೆಸರೇ ಅಮೆರಿಕದಲ್ಲಿ ರೂಪಾಂತರ ಹೊಂದಿ ಸಾಂಟಾ ಕ್ಲಾಸ್ ಎಂದಾಯಿತು. ನ್ಯೂಯಾರ್ಕ್ ಪ್ರಾಂತದ ಟ್ರಾಯ್ ಎಂಬ ಊರಿನ ಪತ್ರಿಕೆಯೊಂದರಲ್ಲಿ 1823ರ ಡಿಸೆಂಬರಿನಲ್ಲಿ ಪ್ರಕಟವಾದ ಕವಿತೆಯು ಹೊಗೆಗೂಡು, ಕಾಲುಚೀಲ, ಸಂತ ಇವುಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಿತು. ಆ ಚಿತ್ರವೇ ಲೋಕವನ್ನೆಲ್ಲ ಸುತ್ತಿತು.

ಇಂಗ್ಲೆಂಡಿನ ಮನೆಗಳಲ್ಲಿ ಕಾಲುಚೀಲದ ತುದಿಗೆ ಒಂದು ಕಿತ್ತಿಳೆಹಣ್ಣನ್ನು ಹಾಕುವುದು ಹಳೆಯ ಪದ್ಧತಿ. ಅದು ಸಂತನ ಚಿನ್ನದ ಗುರುತೆಂದು ಕೆಲವರು ಹೇಳುತ್ತಾರೆ. ಚಳಿಗಾಲದಲ್ಲಿ ಕಿತ್ತಿಳೆ ದುರ್ಲಭವಾಗಿದ್ದ ದಿನಗಳಲ್ಲಿ ಅದು ಮಕ್ಕಳಿಗೆ ಚಿನ್ನದಷ್ಟೇ ಪ್ರಿಯವಾಗಿದ್ದಿರಬೇಕು. ಇಟಲಿಯಲ್ಲಿ ಜನವರಿ 5ರ ರಾತ್ರಿ ಬೆಫಾನಾ ಎಂಬ ಮುದುಕಿ ಬಂದು, ಒಳ್ಳೆಯ ಮಕ್ಕಳ ಕಾಲುಚೀಲಕ್ಕೆ ಮಿಠಾಯಿಯನ್ನೂ ತುಂಟರ ಕಾಲುಚೀಲಕ್ಕೆ ಇದ್ದಲನ್ನೂ ತುಂಬುವಳೆಂದು ನಂಬಿಕೆ.

ಈ ವಾಡಿಕೆಯಲ್ಲಿ ಎರಡು ಅಂಶಗಳನ್ನು ನಾವು ಗಮನಿಸಬೇಕು. ಒಂದನೆಯದು, ಅಳತೆ. ಕಾಲುಚೀಲವು ಮಗುವಿನ ಕಾಲಿನಷ್ಟೇ ದೊಡ್ಡದು. ಅದು ದಿನವೂ ತೊಡುವ ಬಟ್ಟೆ. ಬಡವರ ಮನೆಯಲ್ಲಿಯೂ ಇರುವಂಥದು. ಅದು ತುಂಬಿದರೆ ಸಾಕು, ಹಬ್ಬವಾಯಿತು. ನಮ್ಮ ಭಾಷೆಯಲ್ಲಿ ಈ ಉಡುಪಿಗೆ ‘ಚೀಲ’ವೆಂದೇ ಹೆಸರಿರುವುದರಿಂದ, ಅದನ್ನು ತುಂಬಬಹುದೆಂಬ ಮಾತು ಕನ್ನಡ ಮಗುವಿಗೆ ವಿಚಿತ್ರವಾಗಿ ತೋರಲಾರದು. ಎರಡನೆಯದು, ಮರೆ. ಕೊಟ್ಟವನು ಕಾಣಿಸಿಕೊಳ್ಳುವುದಿಲ್ಲ. ಮೈರಾದ ಕಥೆಯ ತಿರುಳೂ ಇದೇ: ಇಸಿದುಕೊಂಡವನು ತಲೆತಗ್ಗಿಸಬಾರದೆಂದೇ ಕೊಡುವವನು ಕತ್ತಲೆಯಲ್ಲಿ ಬಂದನು.

ಈ ಹಬ್ಬವು ನಮ್ಮ ಸೀಮೆಗೆ ತೀರ ಅಪರಿಚಿತವೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಹೋಗಿ, 1851ರಲ್ಲಿ ಗುಳೇದಗುಡ್ಡದಲ್ಲಿ ತಮ್ಮ ಠಾಣ್ಯವನ್ನು ಸ್ಥಾಪಿಸಿದರು. ಬೀಳಗಿ, ಮುಧೋಳಗಳಂತೆಯೇ ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಗುಳೇದಗುಡ್ಡವು ರವಿಕೆಯ ಖಣಗಳಿಗೆ ಹೆಸರಾದ ನೇಕಾರರ ಊರು. ಮಿಷನ್ನಿನವರು ಬಂದದ್ದು, ಸಂತ ನಿಕೋಲಾಸನ ದಿನ ಮಕ್ಕಳು ಪಾದರಕ್ಷೆಯನ್ನಿಟ್ಟು ಕಾಯುವ ಜರ್ಮನ್ ಭಾಷೆಯ ನಾಡಿನಿಂದ. ಆದರೆ ಕಾಲುಚೀಲದ ವಾಡಿಕೆಗೆ ಬೇಕಾದ ಹೊಗೆಗೂಡಾಗಲಿ ಉಣ್ಣೆಯ ಕಾಲುಚೀಲವಾಗಲಿ ಬಿಸಿಲುನಾಡಿನ ಮಾಳಿಗೆಯ ಮನೆಗಳಲ್ಲಿ ಎಲ್ಲಿಂದ ಬರಬೇಕು? ಇಲ್ಲಿ ಹೊಗೆ ಹೋಗುವುದೂ ಬೆಳಕು ಬರುವುದೂ ಮಾಳಿಗೆಯ ಬೆಳಕಿಂಡಿಯಿಂದ. ಕನ್ನಡನಾಡಿನ ಕ್ರೈಸ್ತರ ಮನೆಗಳಲ್ಲಿ ನಕ್ಷತ್ರದ ದೀಪ, ಹೊಸ ಬಟ್ಟೆ, ಕರಿದ ತಿಂಡಿಗಳು ಹಬ್ಬದ ಮುಖ್ಯ ಲಕ್ಷಣಗಳಾದುವು. ಮಂಗಳೂರಿನ ಕಥೋಲಿಕರು ಕುಸ್ವಾರ್ ಎಂಬ ಬಗೆಬಗೆಯ ತಿಂಡಿಗಳ ತಟ್ಟೆಯನ್ನು ನೆರೆಮನೆಗಳಿಗೆ ಕಳುಹಿಸುತ್ತಾರೆ. ಎಂದರೆ, ಹಬ್ಬವು ಹೊರಗಿನಿಂದ ಬಂದರೂ ಕೊಡುವ ರೀತಿ ಈ ನೆಲದ್ದೇ ಆಯಿತು.

ಆ ರೀತಿ ಎಂಥದೆಂಬುದನ್ನು ಈಗ ನಾಲ್ಕು ಊರುಗಳ ಸೀಮೆಯಲ್ಲಿ ನೋಡೋಣ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಈ ಪ್ರದೇಶವು ಹಿಂದೆ ಒಬ್ಬ ಅರಸನ ಕೈಕೆಳಗೆ ಇರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರಲ್ಲಿ ಸೀಮೆಯೆಲ್ಲ ಕನ್ನಡ ರಾಜ್ಯಕ್ಕೆ ಬಂದಿತು. 1997ರಿಂದ ಅದು ಬಾಗಲಕೋಟೆ ಜಿಲ್ಲೆಯ ಭಾಗ. ಅರಸರು ಬೇರೆಬೇರೆಯಾಗಿದ್ದರೂ ಮನೆಯೊಳಗಿನ ಹಬ್ಬಗಳು ಒಂದೇ ಆಗಿದ್ದುವು. ಅವುಗಳಲ್ಲಿ ಹಲವು ನೆರೆಯ ಮಹಾರಾಷ್ಟ್ರದೊಡನೆ ಹಂಚಿಕೊಂಡವು. ಕಬ್ಬು ಬೆಳೆದು ಬೆಲ್ಲ ಕಾಯಿಸುವ ಮುಧೋಳದ ಕಡೆಗೂ ಮಗ್ಗದ ಸದ್ದಿನ ರಬಕವಿ-ಬನಹಟ್ಟಿಗೂ ಮಕ್ಕಳ ಹಬ್ಬಕ್ಕೆ ಬೇಕಾದ ಎರಡು ವಸ್ತುಗಳು ಹತ್ತಿರವೇ ಇದ್ದುವು: ಒಂದು ಸಿಹಿ, ಇನ್ನೊಂದು ಬಟ್ಟೆ.

ಕಾಲುಚೀಲಕ್ಕೆ ಸಮನಾದುದು ಇಲ್ಲಿ ಉಡಿ. ಸೀರೆಯ ಸೆರಗನ್ನು ಮುಂದೆ ಹಿಡಿದರೆ ಅದೇ ಪಾತ್ರೆ. ತವರಿಗೆ ಬಂದ ಮಗಳನ್ನೂ ಮನೆಗೆ ಬಂದ ಮುತ್ತೈದೆಯನ್ನೂ ಅಕ್ಕಿ, ಬೆಲ್ಲ, ಕೊಬ್ಬರಿ, ಅಡಿಕೆ, ಎಲೆಗಳಿಂದ ಉಡಿ ತುಂಬಿ ಕಳುಹಿಸುವುದು ಇಲ್ಲಿಯ ಸಂಪ್ರದಾಯ. ತಾಯಿಯ ಉಡಿಗೆ ಬಿದ್ದದ್ದರಲ್ಲಿ ಕೊಬ್ಬರಿ ಬೆಲ್ಲದ ಚೂರು ಮಕ್ಕಳ ಪಾಲು. ಕಾಲುಚೀಲದಂತೆ ಇದೂ ಉಟ್ಟ ಬಟ್ಟೆಯೇ. ಇದಕ್ಕೂ ತನ್ನದೇ ಅಳತೆಯುಂಟು. ಆದರೆ ಭೇದವೊಂದಿದೆ: ಉಡಿಯನ್ನು ಕತ್ತಲೆಯಲ್ಲಿ ತುಂಬುವುದಿಲ್ಲ. ಕುಂಕುಮವಿಟ್ಟು, ಎದುರಿಗೆ ನಿಂತು, ದೀಪದ ಬೆಳಕಿನಲ್ಲಿ ತುಂಬುತ್ತಾರೆ.

ಮಕ್ಕಳಿಗೆಂದೇ ಇರುವ ಕೊಡುಗೆಗಳಲ್ಲಿ ಮೊದಲನೆಯದು ಸಕ್ಕರೆಯ ಆರತಿ. ದೀಪಾವಳಿಯ ನಂತರ ಬರುವ ಕಾರ್ತಿಕ ಶುದ್ಧ ಹುಣ್ಣಿಮೆಗೆ ಈ ಕಡೆ ಗೌರಿ ಹುಣ್ಣಿಮೆಯೆಂದು ಹೆಸರು. ಹುಣ್ಣಿಮೆ ಸಮೀಪಿಸಿದಂತೆ ಪೇಟೆಗಳಲ್ಲಿ ಸಕ್ಕರೆಯನ್ನು ಪಾಕವಾಗಿ ಕಾಯಿಸಿ, ಹಾಲು ಹಾಕಿ ಕೊಳೆ ತೆಗೆದು, ಜೋಡಿ ಹೋಳುಗಳ ಮರದ ಅಚ್ಚುಗಳಲ್ಲಿ ಹೊಯ್ಯುತ್ತಾರೆ. ಪಾಕ ಆರಿದ ಮೇಲೆ ಅಚ್ಚನ್ನು ಬಿಚ್ಚಿದರೆ ಆನೆ, ಒಂಟೆ, ಕುದುರೆ, ನವಿಲು, ತೇರು, ಕಳಸ, ಬಸವಣ್ಣ ಇವೇ ಮೊದಲಾದ ರೂಪಗಳು ಹೊರಬರುತ್ತವೆ. ಹೆಣ್ಣುಮಕ್ಕಳು ಸಂಜೆ ಹೊಸ ಬಟ್ಟೆಯುಟ್ಟು, ಇವುಗಳನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಹಾಡು ಹೇಳುತ್ತ ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ನಿಶ್ಚಿತಾರ್ಥವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯನ್ನೂ ಸಕ್ಕರೆಯ ಆರತಿಯನ್ನೂ ತರುವುದುಂಟು. ಹಬ್ಬ ಮುಗಿದ ಮೇಲೆ ಆನೆ ಕುದುರೆಗಳು ತುಂಡಾಗಿ ಎಲ್ಲ ಮಕ್ಕಳ ಬಾಯಿ ಸೇರುತ್ತವೆ. ನೋಡಲು ಆಟಿಕೆ, ಬೆಳಗಲು ಆರತಿ, ಕೊನೆಗೆ ತಿನಿಸು: ಒಂದೇ ವಸ್ತುವಿನಲ್ಲಿ ಮೂರು ಸಂತೋಷ, ಮರುದಿನಕ್ಕೆ ಮನೆಯಲ್ಲಿ ಬಿದ್ದಿರುವ ಕಸವೂ ಇಲ್ಲ.

ಎರಡನೆಯದು ಸಕ್ಕರೆಯ ಸರ. ಹೋಳಿ ಹುಣ್ಣಿಮೆಯ ಹೊತ್ತಿಗೆ ದಾರಕ್ಕೆ ಬಿಲ್ಲೆಬಿಲ್ಲೆಯಾಗಿ ಕಚ್ಚುವಂತೆ ಸಕ್ಕರೆಯನ್ನು ಹೊಯ್ದು ಮಾಡಿದ ಹಾರಗಳು ಅಂಗಡಿಗಳಲ್ಲಿ ತೂಗಾಡುತ್ತವೆ. ಅಜ್ಜ ಅಜ್ಜಿಯರು, ಸೋದರಮಾವಂದಿರು ಅವನ್ನು ಮಕ್ಕಳಿಗೆ ಕೊಡುತ್ತಾರೆ. ಕೊರಳಿಗೆ ಹಾಕಿಕೊಂಡ ಮಗುವು ಬೀದಿಯಲ್ಲಿ ತಿರುಗುತ್ತ ಒಂದೊಂದೇ ಬಿಲ್ಲೆಯನ್ನು ಕಡಿದು ಮುಗಿಸುತ್ತದೆ.

ಮೂರನೆಯದು ಸಂಕ್ರಾಂತಿ. ಎಳ್ಳಿಗೆ ಸಕ್ಕರೆಪಾಕವನ್ನು ಹನಿಹನಿಯಾಗಿ ಹಿಡಿಸಿ ಮಾಡಿದ ಕುಸುರೆಳ್ಳನ್ನು ಪೋಣಿಸಿ, ಪುಟ್ಟ ಮಕ್ಕಳಿಗೆ ಸರ, ಕೈಬಳೆ, ಕಿರೀಟಗಳನ್ನು ಮಾಡಿ ತೊಡಿಸುವ ಮನೆಗಳುಂಟು. ಕರಿ ಎರೆಯುವುದೆಂದರೆ, ಇಂಥ ಮಗುವನ್ನು ಮಣೆಯ ಮೇಲೆ ಕೂರಿಸಿ, ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ, ಚಿಲ್ಲರೆ ಕಾಸುಗಳನ್ನು ಅದರ ತಲೆಯ ಮೇಲಿಂದ ಸುರಿಯುವುದು. ಸುರಿದದ್ದು ಕೂತ ಮಗುವಿನದಲ್ಲ. ಸುತ್ತ ನೆರೆದ ಓಣಿಯ ಮಕ್ಕಳು ಬಾಚಿಕೊಂಡು ಉಡಿಗೆ ತುಂಬಿಕೊಳ್ಳುವುದಕ್ಕೆಂದೇ ಸುರಿಯುತ್ತಾರೆ. ಸಂಕ್ರಾಂತಿಯ ಸಂಜೆ ಇದೇ ಮಕ್ಕಳು ಕುಸುರೆಳ್ಳಿನ ಡಬ್ಬಿ ಹಿಡಿದು ಮನೆಮನೆಗೆ ಹೋಗಿ, ಹಿರಿಯರ ಕೈಗೆ ಎಳ್ಳು ಕೊಟ್ಟು ಕಾಲಿಗೆರಗುತ್ತಾರೆ. ಇಲ್ಲಿ ಕೊಡುವವರು ಮಕ್ಕಳು, ಕೈಯೊಡ್ಡುವವರು ಹಿರಿಯರು.

ಇನ್ನು ಎರಡು ಪದ್ಧತಿಗಳನ್ನೂ ಪಕ್ಕದಲ್ಲಿಟ್ಟು ನೋಡೋಣ. ಕಾಲುಚೀಲದಲ್ಲಿ ಕೊಡುವವನು ಮರೆಯಾಗಿರುತ್ತಾನೆ. ನಮ್ಮಲ್ಲಿ ಕೊಡುವವನು ಎದುರಿಗಿರುತ್ತಾನೆ. ಅಲ್ಲಿ ಮಗುವು ಕಲಿಯುವುದು ವಿಸ್ಮಯವನ್ನು. ಇಲ್ಲಿ ಕಲಿಯುವುದು ಸಂಬಂಧವನ್ನು. ಸಕ್ಕರೆಯ ಸರ ತಂದವನು ಮಾವ, ಆರತಿ ಕಳುಹಿಸಿದವಳು ಅತ್ತೆ ಎಂಬುದು ಸಿಹಿಯೊಡನೆಯೇ ಮನಸ್ಸಿನಲ್ಲಿ ನಿಲ್ಲುತ್ತದೆ. ಕರಿ ಎರೆದಾಗ ತನ್ನ ತಲೆಯ ಮೇಲೆ ಬಿದ್ದದ್ದು ಓಣಿಯವರೆಲ್ಲರ ಪಾಲೆಂಬುದನ್ನು ಮಗುವು ಮಾತು ಕಲಿಯುವ ಮೊದಲೇ ಕಲಿಯುತ್ತದೆ. ಇದು ಸಾಮಾನ್ಯವಾದ ಶಿಕ್ಷಣವಲ್ಲ.

ಆದರೆ ಬೆಳಕಿನಲ್ಲಿ ಕೊಡುವ ಪದ್ಧತಿಗೆ ಒಂದು ಕಠೋರವಾದ ಮುಖವೂ ಇದೆಯೆಂಬುದನ್ನು ನಾವು ಮರೆಯಲಾಗದು. ಮಾವನಿಲ್ಲದ ಮಗುವಿಗೆ ಸರವನ್ನು ತರುವವರಾರು? ತವರಿನವರು ಬಡವರಾದರೆ, ತಂದೆ ತೀರಿಹೋಗಿದ್ದರೆ, ಮಗ್ಗ ನಿಂತು ಕೂಲಿ ತಪ್ಪಿದ್ದರೆ, ಆ ಮನೆಯ ಹುಡುಗಿಯ ತಟ್ಟೆಯಲ್ಲಿ ಆನೆ ಒಂಟೆಗಳಿಲ್ಲದಿರುವುದು ಗೌರಿಯ ಮುಂದೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊಡುವವರು ಕಾಣುವ ಕಡೆಯಲ್ಲಿ, ಕೊಡುವವರಿಲ್ಲವೆಂಬುದೂ ಕಾಣುತ್ತದೆ. ಕತ್ತಲೆಯಲ್ಲಿ ಗಂಟೆಸೆದು ಹೋದ ಸಂತನ ವಿವೇಕವು ನಮಗೆ ಬೇಕಾಗುವುದು ಇಂಥಲ್ಲಿ.

ಇತ್ತ ಕಾಲುಚೀಲಕ್ಕೂ ಬೇರೊಂದು ಅಪಾಯ ಒದಗಿದೆ. ಮಗುವಿನ ಕಾಲಿನ ಅಳತೆಯದಾಗಿದ್ದ ಅದನ್ನು ಈಗ ಅಂಗಡಿಗಳು ಮಗುವಿಗಿಂತ ದೊಡ್ಡದಾಗಿ ಹೊಲಿದು ಮಾರುತ್ತವೆ. ತುಂಬಿದಷ್ಟೂ ತುಂಬಬೇಕಾದ ಚೀಲದಲ್ಲಿ ಸಾಕೆಂಬ ಮಾತಿಗೆ ಎಡೆಯಿಲ್ಲ. ಇದ್ದವರ ಮಕ್ಕಳಿಗೆ ಉದಾರಿಯಾದ ಸಂತನು ಇಲ್ಲದವರ ಮಕ್ಕಳಿಗೆ ಜಿಪುಣನೆಂದೂ ತೋರುತ್ತಾನೆ. ನಮ್ಮ ನಗರಗಳ ಮನೆಗಳು ಮೇಲಿನ ವಿವೇಕವನ್ನು ಬಿಟ್ಟು ಈ ದೊಡ್ಡ ಚೀಲವನ್ನೇ ತಂದುಕೊಂಡರೆ ನಷ್ಟ ಇಮ್ಮಡಿಯಾಗುವುದು: ಮಾವನ ಕೈಯೂ ಹೋಗುವುದು, ಸಂತನ ಮರೆಯೂ ದಕ್ಕದು.

ಆದಕಾರಣ ಮಕ್ಕಳು ಕೇಳುವ ಪ್ರಶ್ನೆಗೆ ನಮ್ಮ ಉತ್ತರ ಹೀಗಿರಬಹುದು. ಅಂಥ ಹಬ್ಬ ನಮಗೂ ಉಂಟು, ಒಂದಲ್ಲ, ಮೂರು. ಸ್ವಂತ ಮಕ್ಕಳಿಗೆ ಬೆಳಕಿನಲ್ಲಿಯೇ ಕೊಡೋಣ. ತಂದವರು ಯಾರೆಂಬುದನ್ನು ಅವರು ತಿಳಿಯಲಿ. ಅವರ ಕೈಗೂ ಎಳ್ಳಿನ ಡಬ್ಬಿ ಕೊಟ್ಟು ಕೊಡುವುದನ್ನು ಕಲಿಸೋಣ. ಉಡಿ ಹಿಡಿಸುವಷ್ಟಕ್ಕೇ ಅಳತೆಯನ್ನು ನಿಲ್ಲಿಸೋಣ. ಆದರೆ ಓಣಿಯಲ್ಲಿ ಮಾವನಿಲ್ಲದ ಮಗುವಿದ್ದರೆ, ಗೌರಿ ಹುಣ್ಣಿಮೆಯ ಹಿಂದಿನ ರಾತ್ರಿ ಅದರ ಮನೆಯ ಹೊಸ್ತಿಲಲ್ಲಿ ಸಕ್ಕರೆಯ ಆನೆಯೊಂದನ್ನು ಇಟ್ಟು, ಹೆಸರು ಹೇಳದೆ ಹಿಂದಿರುಗಿ ಬರೋಣ. ಬೆಳಗ್ಗೆ ಆ ಮಗುವು ‘ಇದನ್ನು ತಂದವರಾರು?’ ಎಂದು ಕೇಳಿದರೆ, ಗೌರಿಯೆಂದು ಅದರ ತಾಯಿ ಹೇಳಿಕೊಳ್ಳಲಿ.