ಸಿಡಿಯಲ್ಲಿಲ್ಲದ ಡ್ರೈವರ್

ಡೆನ್ಮಾರ್ಕಿನ ಲೆಗೊ ಕಂಪನಿ 1998ರಲ್ಲಿ ಮೈಂಡ್‌ಸ್ಟಾರ್ಮ್ಸ್ ಹೆಸರಿನ ರೋಬಾಟ್ ಕಿಟ್ಟನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಸೀಮರ್ ಪ್ಯಾಪರ್ಟ್ ಅವರ 1980ರ ಪುಸ್ತಕದಿಂದ ಬಂದದ್ದು, ಪ್ರೋಗ್ರಾಮ್ ಬರೆದು ಆಡಿಸುವ ಇಟ್ಟಿಗೆಯ ಯೋಚನೆ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನದು. ಕಿಟ್ಟಿನ ಜೀವವೆಲ್ಲ ಆರ್‌ಸಿಎಕ್ಸ್ ಎಂಬ ಹಳದಿ ಡಬ್ಬಿಯಲ್ಲಿತ್ತು. ಒಳಗೊಂದು ಹಿಟಾಚಿ ಚಿಪ್, 32 ಕಿಲೋಬೈಟ್ ಮೆಮೊರಿ, ಆರು ಪೆನ್ಸಿಲ್ ಸೆಲ್. ಡಬ್ಬಿಗೂ ಕಂಪ್ಯೂಟರಿಗೂ ನಡುವೆ ವೈರ್ ಇರಲಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದ ‘ಟವರ್’ ಎಂಬ ಸಣ್ಣ ಉಪಕರಣ ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಡಬ್ಬಿಗೆ ಆದೇಶ ಕಳಿಸುತ್ತಿತ್ತು. ಜೊತೆಗೆ ಕೊಟ್ಟ ಸಿಡಿ ವಿಂಡೋಸ್‌ಗೆ ಮಾತ್ರ. ಲಿನಕ್ಸ್ ಬಳಸುವವರ ನೆನಪು ಯಾರಿಗೂ ಆಗಿರಲಿಲ್ಲ.

ಆದರೆ ಇಂಥ ಆಟಿಕೆ ಕೊಂಡವರಲ್ಲಿ ದೊಡ್ಡವರು ಬಹಳ, ಅವರಲ್ಲಿ ಲಿನಕ್ಸ್ ಹುಚ್ಚಿನವರೂ ಕಡಿಮೆಯಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೆಕೋವಾ ಪ್ರೌಡ್‌ಫುಟ್ ಡಬ್ಬಿಯ ಒಳಗುಟ್ಟನ್ನು ಬಿಡಿಸಿ ಎಲ್ಲರ ಮುಂದಿಟ್ಟರು. ಅದೇ ತಳಹದಿಯ ಮೇಲೆ ಮಾರ್ಕುಸ್ ನೋಗಾ ಡಬ್ಬಿಗೆ ಲೆಗೊಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದರು. ಡೇವ್ ಬಾಮ್ ಬರೆದ ಎನ್‌ಕ್ಯೂಸಿಯಲ್ಲಂತೂ ಸಿ ಭಾಷೆಯ ಧಾಟಿಯಲ್ಲೇ ರೋಬಾಟಿಗೆ ಪ್ರೋಗ್ರಾಮ್ ಬರೆಯಬಹುದಿತ್ತು. ಕಂಪನಿ ಮೊದಲು ತಬ್ಬಿಬ್ಬಾಯಿತು. ಆಮೇಲೆ ಕೋರ್ಟಿನ ದಾರಿ ಹಿಡಿಯದೆ, ಬಿಚ್ಚಿ ನೋಡುವ ಹಕ್ಕನ್ನು ಸಾಫ್ಟ್‌ವೇರಿನ ಪರವಾನಗಿಯಲ್ಲೇ ಬರೆದುಕೊಟ್ಟಿತು. ಆ ಕಾಲದ ಕಂಪನಿಗಳ ವರ್ತನೆ ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.

ಮೊದಲ ಟವರ್ ಸೀರಿಯಲ್ ಪೋರ್ಟಿನದು. ಅದು ಲಿನಕ್ಸಿನಲ್ಲಿ ತಕರಾರಿಲ್ಲದೆ ನಡೆಯಿತು, ಏಕೆಂದರೆ ಸೀರಿಯಲ್ ಪೋರ್ಟಿಗೆ ಅಕ್ಷರ ಬರೆಯಲು ಹೊಸ ವಿದ್ಯೆ ಬೇಕಿಲ್ಲ. 2001ರಲ್ಲಿ ಬಂದ ಎರಡನೇ ಆವೃತ್ತಿಯ ಕಿಟ್ಟಿನಲ್ಲಿ ಯುಎಸ್‌ಬಿ ಟವರ್ ಇತ್ತು. ಒಂಬತ್ತು ವೋಲ್ಟಿನ ಬ್ಯಾಟರಿಯ ಕಾಟ ತಪ್ಪಿತು, ವಿದ್ಯುತ್ತು ಕೇಬಲ್ಲಿನಲ್ಲೇ ಬರತೊಡಗಿತು. ಹೊಸ ಲ್ಯಾಪ್‌ಟಾಪುಗಳಿಂದ ಸೀರಿಯಲ್ ಪೋರ್ಟು ಮಾಯವಾಗುತ್ತಿದ್ದ ಸಮಯಕ್ಕೆ ಅದು ಸರಿಯಾಗಿಯೇ ಇತ್ತು. ತೊಡಕು ಬೇರೆ ಕಡೆ: ಈ ಟವರ್ ತನ್ನನ್ನು ಸೀರಿಯಲ್ ಪೋರ್ಟ್ ಎಂದು ಹೇಳಿಕೊಳ್ಳಲಿಲ್ಲ, ಲೆಗೊ ತನಗಾಗಿ ಮಾಡಿಕೊಂಡ ಪದ್ಧತಿಯಲ್ಲಿ ಮಾತಾಡಿತು. ಸಿಕ್ಕಿಸಿದರೆ ಲಿನಕ್ಸಿನ ತಿರುಳಾದ ಕರ್ನೆಲ್ 0694, 0001 ಎಂಬ ಗುರುತಿನ ಸಂಖ್ಯೆಗಳನ್ನು ಓದಿಕೊಂಡು, ತಕ್ಕ ಡ್ರೈವರ್ ಇಲ್ಲದೆ ಸುಮ್ಮನಾಗುತ್ತಿತ್ತು.

ಆ ಕೊರತೆ ತುಂಬಿದ್ದು ಯೂರ್ಗನ್ ಸ್ಟೂಬರ್. ಹೊಸಬರಿಗೆ ಮಾದರಿಯಾಗಲೆಂದು ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದಿಟ್ಟಿದ್ದ ಯುಎಸ್‌ಬಿ ಡ್ರೈವರಿನ ಅಸ್ಥಿಪಂಜರವನ್ನೇ ತೆಗೆದುಕೊಂಡು 2001ರಲ್ಲೇ ಕೆಲಸ ಶುರುಮಾಡಿದರು. ಡ್ರೈವರಿನ ಮೂಲ ಕಡತದ ತಲೆಯಲ್ಲಿ ಆವೃತ್ತಿಗಳ ದಿನಚರಿ ಇದೆ, ಓದಲು ಮಜವಾಗಿದೆ. ಟವರ್ ಇನ್‌ಫ್ರಾರೆಡ್ ಅಲ್ಲದೆ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಸಂದೇಶ ಕಳಿಸಬಲ್ಲದು. 0.4ನೇ ಆವೃತ್ತಿ ಕಣ್ತಪ್ಪಿನಿಂದ ಅದನ್ನು ಆ ಎರಡನೇ ವಿಧಾನಕ್ಕೆ ಹೊರಳಿಸಿತ್ತು; 0.5ರಲ್ಲಿ ಮತ್ತೆ ಇನ್‌ಫ್ರಾರೆಡ್‌ಗೆ ತಂದದ್ದನ್ನು ಲೇಖಕರು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಮುಂದೆ ಡೇವಿಡ್ ಗ್ಲಾನ್ಸ್ ಜೊತೆಗೂಡಿದರು. ಡ್ರೈವರ್ ಲಿನಕ್ಸ್ ಕರ್ನೆಲಿನೊಳಕ್ಕೇ ಸೇರಿತು.

ಸೇರಿದ ಮಾತ್ರಕ್ಕೆ ಬಳಸುವವರ ಫಜೀತಿ ಮುಗಿಯಲಿಲ್ಲ. ಡಿವೈಸ್ ಕಡತ ಹುಟ್ಟುತ್ತಿತ್ತು, ಆದರೆ ಅದರ ಒಡೆತನ ರೂಟ್ ಎಂಬ ನಿರ್ವಾಹಕ ಖಾತೆಯದು. ಸಾಮಾನ್ಯ ಬಳಕೆದಾರ ಎನ್‌ಕ್ಯೂಸಿ ಓಡಿಸಿದರೆ ‘ಅನುಮತಿ ಇಲ್ಲ’ ಎಂಬ ಉತ್ತರ. ಡಿವೈಸ್ ಕಡತಗಳನ್ನು ನೋಡಿಕೊಳ್ಳುವ ಯುಡೆವ್‌ಗೆ ಒಂದು ಸಾಲಿನ ನಿಯಮ ಬರೆದಿಟ್ಟು, ಟವರನ್ನು ಕಿತ್ತು ಮತ್ತೆ ಸಿಕ್ಕಿಸಬೇಕು. ಡಬ್ಬಿಯನ್ನು ನಡೆಸುವ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಬೇರೆ ರ್‍ಯಾಮಿನಲ್ಲಿ ಕೂರುವಂಥದ್ದು. ಸೆಲ್ ತೆಗೆದು ಹಾಗೇ ಬಿಟ್ಟರೆ ಅಳಿಸಿಹೋಗುತ್ತದೆ, ಮತ್ತೆ ತುಂಬಬೇಕು. ಟವರ್ ಮೇಲಿನ ಹಸಿರು ದೀಪ ಉರಿಯುತ್ತಿರುತ್ತದೆ, ಡಬ್ಬಿಯ ಪರದೆಯಲ್ಲಿ ಅಂಕಿ ಏರುತ್ತಿರುತ್ತದೆ. ನಡುವೆ ಯಾರೂ ಕೈ ಅಡ್ಡ ಹಿಡಿಯಬಾರದು! ಆ ಫರ್ಮ್‌ವೇರ್ ಕಡತ ಇದ್ದದ್ದು ಮಾತ್ರ ಅದೇ ವಿಂಡೋಸ್ ಸಿಡಿಯಲ್ಲಿ.

2016ರ ಕೊನೆಗೆ ಬಂದ 4.9ನೇ ಕರ್ನೆಲಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಟವರ್ ಹಠಾತ್ತನೆ ಕೈಕೊಟ್ಟಿತು. ಭದ್ರತೆಗೆಂದು ಕರ್ನೆಲಿನ ಸ್ಟ್ಯಾಕನ್ನು, ಅಂದರೆ ಅದರ ತಾತ್ಕಾಲಿಕ ಕೆಲಸದ ಜಾಗವನ್ನು, ಮೆಮೊರಿಯಲ್ಲಿ ಬೇರೆ ಬಗೆಯಲ್ಲಿ ಇಡತೊಡಗಿದ್ದರು. ಹಾಗೆ ಇಟ್ಟ ಜಾಗಕ್ಕೆ ಯುಎಸ್‌ಬಿ ಯಂತ್ರಾಂಶ ನೇರವಾಗಿ ದತ್ತಾಂಶ ಇಳಿಸುವಂತಿಲ್ಲ. ನಮ್ಮ ಹಳೆಯ ಡ್ರೈವರ್ ಟವರಿನಿಂದ ಅದರ ಆವೃತ್ತಿ ಸಂಖ್ಯೆ ಕೇಳಿ, ಉತ್ತರವನ್ನು ಸ್ಟ್ಯಾಕಿನಲ್ಲೇ ಇಳಿಸಿಕೊಳ್ಳುವ ರೂಢಿಯದು. ಅಲ್ಲಿಗೇ ಎಡವಿ ಬಿತ್ತು. ಹದಿನೈದು ವರ್ಷ ಹಳೆಯ ಆಟಿಕೆ, ಬಿಟ್ಟುಬಿಡಿ ಎಂದು ಯಾರೂ ಹೇಳಲಿಲ್ಲ. 2017ರಲ್ಲಿ ಒಬ್ಬರು ಆ ಉತ್ತರಕ್ಕೆ ಬೇರೆ ಜಾಗ ಕೊಡುವ ತಿದ್ದುಪಡಿ ಕಳಿಸಿದರು, ಟವರ್ ಇಟ್ಟುಕೊಂಡಿದ್ದ ಮತ್ತೊಬ್ಬರು ಪರೀಕ್ಷಿಸಿ ಸರಿಯಿದೆ ಎಂದರು, ಅದು ಕರ್ನೆಲಿಗೆ ಸೇರಿತು. ಲೆಗೊ 2022ರ ಕೊನೆಗೆ ಮೈಂಡ್‌ಸ್ಟಾರ್ಮ್ಸ್ ಸರಣಿಯನ್ನೇ ನಿಲ್ಲಿಸಿತು. ಆಗಲೂ ಕರ್ನೆಲಿನಲ್ಲಿ ಈ ಡ್ರೈವರ್ ಇತ್ತು.