ಹದಿನಾರು ಮಿಲಿಸೆಕೆಂಡಿನ ಲೆಕ್ಕ

ಅಕ್ಕನ ಮಗ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ ತಾನು ಕಟ್ಟಿದ ನಗರ ತೋರಿಸಿದ. ‘ಸಿಟೀಸ್: ಸ್ಕೈಲೈನ್ಸ್’ ಎಂಬ ಆಟ. ರಸ್ತೆ, ಬಸ್ಸು, ಸಾವಿರಾರು ನಿವಾಸಿಗಳು. ನಗರ ಬೆಳೆದಂತೆಲ್ಲ ಚಿತ್ರ ತಡವರಿಸತೊಡಗಿತ್ತು. “ಮಾಮ, ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು. ಹೊಸದು ಹಾಕಿಸಿದ್ರೆ ಸರಿಹೋಗುತ್ತೆ” ಎಂದ. ಅವನದು 2016ರಲ್ಲಿ ಬಂದ ಜಿಟಿಎಕ್ಸ್ 1060. ವರ್ಷಗಟ್ಟಲೆ ಜಗತ್ತಿನ ಗೇಮರ್‌ಗಳ ಅಚ್ಚುಮೆಚ್ಚಾಗಿದ್ದ ಕಾರ್ಡ್. ಹಳೆಯದು ನಿಜ. ಆದರೆ ತಡವಾಗುತ್ತಿರುವುದು ಅದರಿಂದಲೇ?

ಆಟ ನಯವಾಗಿ ಓಡಲು ಸೆಕೆಂಡಿಗೆ 60 ಚಿತ್ರ ಬೇಕು ಎಂದಿಟ್ಟುಕೊಳ್ಳೋಣ. ಆಗ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಯಾವ ಬಸ್ಸು ಎಲ್ಲಿದೆ, ಯಾರು ಯಾವ ದಾರಿ ಹಿಡಿದರು ಎಂದು ಲೆಕ್ಕ ಹಾಕಿ, ಏನನ್ನು ಬಿಡಿಸಬೇಕೆಂದು ಹೇಳುವುದು ಪ್ರೊಸೆಸರ್. ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿವೆ. ಸೆಕೆಂಡಿಗೆ 60 ಸಲವೆಂದರೆ 12 ಕೋಟಿಗೂ ಹೆಚ್ಚು ಚುಕ್ಕಿಗಳ ಬಣ್ಣ ನಿರ್ಧಾರವಾಗಬೇಕು. ಒಂದು ಚುಕ್ಕಿ ಬಹುಮಟ್ಟಿಗೆ ಪಕ್ಕದ ಚುಕ್ಕಿಗಾಗಿ ಕಾಯಬೇಕಿಲ್ಲ. ಹಾಗಾಗಿ ಕಾರ್ಡ್ ತನ್ನ 1,280 ಪುಟ್ಟ ಗಣನಾ ಘಟಕಗಳಿಗೆ ಕೆಲಸ ಹಂಚಿಬಿಡುತ್ತದೆ. ಪ್ರೊಸೆಸರ್‌ಗೆ ಅಷ್ಟು ಸೌಕರ್ಯವಿಲ್ಲ. ಹಿಂದಿನ ಬಸ್ಸು ಹೊರಡಬೇಕೋ ಬೇಡವೋ ಎಂಬುದು ಮುಂದಿನ ಬಸ್ಸಿನ ಲೆಕ್ಕ ಮುಗಿದ ಮೇಲೆಯೇ ತಿಳಿಯುವುದು. ಹಿಟ್ಟು ರುಬ್ಬುವುದು ನಿಧಾನವಾದರೆ ಕಾವಲಿ ಎಷ್ಟು ದೊಡ್ಡದಿದ್ದರೂ ದೋಸೆ ಹೆಚ್ಚಾಗುವುದಿಲ್ಲ.

ಯಾರು ನಿಧಾನ ಎಂದು ಕಂಡುಹಿಡಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ರೆಸಲ್ಯೂಷನ್ ಇಳಿಸಿ ನೋಡುವುದು. 1280×720ಕ್ಕೆ ಇಳಿಸಿದರೆ ಚುಕ್ಕಿಗಳು ಸುಮಾರು 9.2 ಲಕ್ಷ, ಅಂದರೆ ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆ. ಪ್ರೊಸೆಸರ್ ಪಾಲಿನ ಕೆಲಸ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ನಮ್ಮ ಹುಡುಗನ ನಗರದಲ್ಲಿ ಸೆಕೆಂಡಿಗೆ 28 ಚಿತ್ರ ಬರುತ್ತಿತ್ತು. ಇಳಿಸಿದ ಮೇಲೂ 28, 29. ಅವನ ಮುಖ ಬಾಡಿತು. ಕಾರ್ಡ್ ಸುಮ್ಮನೆ ಕಾಯುತ್ತ ಕುಳಿತಿತ್ತು. ಎಷ್ಟು ದುಬಾರಿ ಕಾರ್ಡ್ ತಂದರೂ ಅದೂ ಹಾಗೆಯೇ ಕಾಯುತ್ತಿತ್ತು. ಈ ಐದು ನಿಮಿಷದ ಪರೀಕ್ಷೆ ಮಾಡದೆ ಯಾರೂ ಅಂಗಡಿಗೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಬಗೆಯ ತೊಡಕು ಇದಕ್ಕಿಂತ ಮೋಸದ್ದು. ಆಟ ಚೆನ್ನಾಗಿಯೇ ಓಡುತ್ತಿರುತ್ತದೆ, ಮೂಲೆ ತಿರುಗಿದೊಡನೆ ಗಕ್ಕನೆ ನಿಲ್ಲುತ್ತದೆ. ಗೋಡೆ, ಬಟ್ಟೆ, ಮಣ್ಣುಗಳ ಮೇಲ್ಮೈ ಚಿತ್ರಗಳು, ಅಂದರೆ ಟೆಕ್ಸ್ಚರ್‌ಗಳು, ಕಾರ್ಡಿನ ಸ್ವಂತ ಮೆಮೊರಿಯಲ್ಲಿರುತ್ತವೆ. 6 ಜಿಬಿಯ ಈ ಕಾರ್ಡ್ ಅದರಿಂದ ಸೆಕೆಂಡಿಗೆ 192 ಜಿಬಿ ಓದಬಲ್ಲದು. ಜಾಗ ಸಾಲದೆ ಹೋದರೆ ಕಂಪ್ಯೂಟರಿನ ರ್‍ಯಾಮ್‌ನಿಂದ ತರಿಸಿಕೊಳ್ಳಬೇಕು. ನಡುವಿನ ಪಿಸಿಐಇ 3.0 ದಾರಿಯಲ್ಲಿ ಸೆಕೆಂಡಿಗೆ ಬರುವುದು ಸುಮಾರು 16 ಜಿಬಿ. ಹನ್ನೆರಡು ಪಟ್ಟು ನಿಧಾನ! ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ ಗುಣಮಟ್ಟವೊಂದನ್ನೇ ಇಳಿಸಿದಾಗ ಈ ನಿಲುಗಡೆ ಮಾಯವಾದರೆ ಕೊರತೆ ಮೆಮೊರಿಯದ್ದು.

ಕಾರ್ಡನ್ನೇ ಬದಲಿಸಬೇಕಾದ ಸಂದರ್ಭವೂ ಇದೆ. 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕುವ ಪ್ರತ್ಯೇಕ ಸರ್ಕ್ಯೂಟ್ ಕಡ್ಡಾಯ. 2018ರ ಆರ್‌ಟಿಎಕ್ಸ್ 20 ಸರಣಿಯಿಂದ ಎನ್ವಿಡಿಯಾ ಅದನ್ನು ಕಾರ್ಡಿನೊಳಗೇ ಇಟ್ಟಿದೆ, 1060ರಲ್ಲಿ ಇಲ್ಲ. ಯಾವ ಸೆಟ್ಟಿಂಗ್ ಇಳಿಸಿದರೂ ಅದು ಹುಟ್ಟಿಕೊಳ್ಳುವುದಿಲ್ಲ.

ಹುಡುಗನ ಕಣ್ಣು ಆರ್‌ಟಿಎಕ್ಸ್ 4060 ಮೇಲಿತ್ತು. ಒಳ್ಳೆಯ ಆಯ್ಕೆಯೇ: 3,072 ಘಟಕಗಳಿದ್ದರೂ ವಿದ್ಯುತ್ ಬೇಡಿಕೆ 115 ವಾಟ್, 1060ರ 120ಕ್ಕಿಂತ ಕಡಿಮೆ. ವಿದ್ಯುತ್ ಪೂರೈಸುವ ಹಳೆಯ ಎಸ್‌ಎಂಪಿಎಸ್ ಸಾಕು. ಆದರೆ ಮದರ್‌ಬೋರ್ಡಿನೊಡನೆ ಮಾತಾಡಲು ಅದಕ್ಕಿರುವುದು 16 ಪಿಸಿಐಇ ದಾರಿಗಳ ಬದಲು 8. ಪಿಸಿಐಇ 4.0 ಬೋರ್ಡಿನಲ್ಲಿ ಒಂದೊಂದು ದಾರಿಯ ವೇಗ ಇಮ್ಮಡಿಯಾಗುವುದರಿಂದ ನಷ್ಟವಿಲ್ಲ. ಅವನ ಹಳೆಯ ಬೋರ್ಡಿನಲ್ಲಾದರೆ ಸೆಕೆಂಡಿಗೆ 8 ಜಿಬಿಯಷ್ಟೇ, ಮೆಮೊರಿ ತುಂಬಿದಾಗ ನಿಲುಗಡೆ ಇನ್ನೂ ಹೆಚ್ಚು.

ಆದ್ದರಿಂದ ಮೊದಲು ಪ್ರೊಸೆಸರ್, ಬೋರ್ಡು; ಕಾರ್ಡ್ ಮುಂದಿನ ವರ್ಷ ಎಂದು ಇಬ್ಬರೂ ಕೂತು ನಿರ್ಧರಿಸಿದೆವು. ಇಂಡಿಯಾನಾ ಜೋನ್ಸ್‌ಗೆ ಅಲ್ಲಿಯವರೆಗೆ ಕಾಯುತ್ತಾನಂತೆ.